ತಗ್ಗಿಸಿದ ಗಾಡಿಗೆ ಹಿಡಿದ ನಡುಕ

ದಾಸರಹಳ್ಳಿಯಿಂದ ಪೀಣ್ಯದ ಒಳರಸ್ತೆಗೆ ತಿರುಗುವಷ್ಟರಲ್ಲೇ ಲೇತ್‌ಗಳ ಸದ್ದು ಕಿವಿಗೆ ಬೀಳುತ್ತದೆ. ಬೆಳಿಗ್ಗೆ ಒಂಬತ್ತು ಗಂಟೆ. ಟೀ ಅಂಗಡಿಯ ಮುಂದೆ ಪಾಳಿ ಮುಗಿಸಿದವರೂ ಪಾಳಿಗೆ ಹೊರಟವರೂ ಒಟ್ಟಿಗೆ ನಿಂತಿದ್ದಾರೆ. ಕೂಲಂಟ್ ಎಣ್ಣೆಯ ವಾಸನೆಯೊಳಗೆ ಇಡ್ಲಿ ಗಾಡಿಯ ಸಾಂಬಾರಿನ ವಾಸನೆ ಬೆರೆತಿದೆ. ಗೇರ್ ಕತ್ತರಿಸುವ ಶೆಡ್ಡಿಗೂ ಪೌಡರ್ ಕೋಟಿಂಗ್ ಶೆಡ್ಡಿಗೂ ನಡುವೆ ತಗಡಿನ ಮಾಡಿನ ಒಂದು ಗ್ಯಾರೇಜು. ಗೋಡೆಗೆ ಹೊಡೆದ ಹಲಗೆಯ ಮೇಲೆ ಸ್ಪ್ಯಾನರುಗಳು ಅಳತೆಯ ಕ್ರಮದಲ್ಲಿ ತೂಗುತ್ತಿವೆ. ಯಾವುದು ಎಲ್ಲಿರಬೇಕೆಂದು ಅದರದರ ಆಕಾರವನ್ನೇ ಹಲಗೆಯ ಮೇಲೆ ಬಣ್ಣದಲ್ಲಿ ಬರೆದಿದ್ದಾರೆ. ನೆಲದಲ್ಲಿ ಉದ್ದಕ್ಕೆ ತೋಡಿದ ಗುಂಡಿ, ಅದರ ಎರಡು ಅಂಚಿಗೂ ಕಬ್ಬಿಣದ ಆಂಗಲ್. ಮೂಲೆಯಲ್ಲಿ ಹಾರ ಹಾಕಿದ ದೇವರ ಪಟ, ಅದರ ಕೆಳಗೆ ಊದುಬತ್ತಿ ಸಿಕ್ಕಿಸಲು ಒಂದು ಹಳೆಯ ಸ್ಪಾರ್ಕ್ ಪ್ಲಗ್.

ಗ್ಯಾರೇಜಿನ ಮುಂದಿನ ಹಂಪಿನ ಹತ್ತಿರ ಬಂದು ಬಿಳಿ ಹ್ಯಾಚ್‌ಬ್ಯಾಕ್ ಒಂದು ನಿಂತಿತು. ಓಡಿಸುತ್ತಿದ್ದ ಹುಡುಗ ಸ್ಟೇರಿಂಗ್ ತಿರುಗಿಸಿ, ಒಂದು ಚಕ್ರ ಮೊದಲು ಇನ್ನೊಂದು ಆಮೇಲೆ ಏರುವಂತೆ ಓರೆಯಾಗಿ ಹತ್ತಿಸಿದ. ಆದರೂ ಹೊಟ್ಟೆ ತಗುಲಿ ಕರ್‌ರ್ ಎಂದಿತು. ಕಂಪನಿಯಿಂದ ಬಂದಾಗ ಆ ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವೆ 163 ಮಿ.ಮೀ. ಅಂತರವಿತ್ತು. ಸ್ಪ್ರಿಂಗ್ ಬದಲಿಸಿ 40 ಮಿ.ಮೀ. ತಗ್ಗಿಸಿದ ಮೇಲೆ ಉಳಿದದ್ದು 123. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಂತೆ ಹಂಪಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್ ಇರಬೇಕು. ಹಾಗೆ ಕಟ್ಟಿದ ಹಂಪನ್ನು ಈ ಗಾಡಿಯೂ ನಿಧಾನವಾಗಿ ದಾಟೀತು. ನಮ್ಮ ಬೀದಿಗಳಲ್ಲಿ ಒಂದೇ ರಾತ್ರಿಯಲ್ಲಿ ಏಳುವ ಹಂಪುಗಳು ಅಗಲದಲ್ಲಿ ಕುಗ್ಗಿ ಎತ್ತರದಲ್ಲಿ ಹಿಗ್ಗಿರುತ್ತವೆ. ತಗ್ಗಿಸಿದ ಗಾಡಿಗೆ ಮೊದಲ ಪೆಟ್ಟು ಬೀಳುವುದೇ ಅಲ್ಲಿ.

ನಿಂತ ಗಾಡಿ ಚೆನ್ನಾಗಿಯೇ ಕಾಣುತ್ತಿತ್ತು, ಅದನ್ನು ಹೇಳಲೇಬೇಕು. ಟೈರಿಗೂ ಅದರ ಮೇಲಿನ ಕಮಾನಿಗೂ ನಡುವೆ ಇದ್ದ ನಾಲ್ಕು ಬೆರಳಿನ ಸಂದು ಈಗ ಎರಡು ಬೆರಳಿಗಿಳಿದು, ಗಾಡಿ ನೆಲ ಹಿಡಿದು ಕೂತಂತಿತ್ತು. ಕಪ್ಪು ಅಲಾಯ್ ಚಕ್ರಗಳು. ಬಾನೆಟ್ಟಿನ ಮೇಲೆ ಬೆರಳಚ್ಚಿನ ಗುರುತೂ ಇಲ್ಲ. ಹುಡುಗ ಹತ್ತಿರದ ಟೂಲ್ ರೂಮಿನಲ್ಲಿ ಸಿಎನ್‌ಸಿ ಆಪರೇಟರ್; ಓವರ್‌ಟೈಮ್ ಮಾಡಿ ಕೂಡಿಟ್ಟ ದುಡ್ಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ಮೀಟರಿನಲ್ಲಿ ಎಪ್ಪತ್ತು ಸಾವಿರ ಕಿಲೋಮೀಟರ್ ದಾಟಿತ್ತು. ಗಾಡಿ ತಗ್ಗಿಸುವವರನ್ನು ಶೋಕಿಯವರು ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಗಾಡಿಯ ಭಾರದ ಕೇಂದ್ರ ಕೆಳಗಿಳಿದರೆ ತಿರುವಿನಲ್ಲಿ ಅದು ವಾಲುವುದು ಕಡಿಮೆಯಾಗುತ್ತದೆ; ರೇಸಿನ ಗಾಡಿಗಳನ್ನು ನೆಲಕ್ಕೆ ಹತ್ತಿರ ಕಟ್ಟುವುದು ಇದೇ ಕಾರಣಕ್ಕೆ. ಆಸೆಯಲ್ಲಿ ತಪ್ಪಿಲ್ಲ. ಗಾಡಿಯಲ್ಲಿ ಒಂದು ಅಳತೆ ಬದಲಾದರೆ ಅದಕ್ಕೆ ಕಟ್ಟಿಹಾಕಿದ ಹತ್ತು ಅಳತೆಗಳು ಬದಲಾಗುತ್ತವೆ ಎಂಬುದನ್ನು ಸ್ಪ್ರಿಂಗ್ ಮಾರಿದ ಅಂಗಡಿಯವರು ಅವನಿಗೆ ಹೇಳಿರಲಿಲ್ಲ, ಅಷ್ಟೇ.

“ಅಣ್ಣ, ಗಾಡಿ ಶೇಕ್ ಆಗ್ತದೆ” ಎಂದ ಹುಡುಗ. ಈವರೆಗೆ ಏನೇನು ಮಾಡಿಸಿದ್ದಾನೆ ಎಂಬುದನ್ನೂ ಒಪ್ಪಿಸಿದ. ವೀಲ್ ಬ್ಯಾಲೆನ್ಸಿಂಗ್ ಎರಡು ಕಡೆ ಆಗಿದೆ. ಅಲೈನ್‌ಮೆಂಟ್ ಆಗಿದೆ. ಒಬ್ಬರು ಇಂಜಿನ್ ಮೌಂಟಿಂಗ್ ಹೋಗಿದೆ ಎಂದರು, ಹೊಸದು ಹಾಕಿದರು. ಇನ್ನೊಬ್ಬರು ಟೈರಿನ ಒಳಗೆ ತಂತಿ ಬಿಟ್ಟಿದೆ ಎಂದರು, ಮುಂದಿನ ಎರಡೂ ಟೈರು ಹೊಸದಾಯಿತು. ನಡುಕ ಮಾತ್ರ ಹೋಗಿಲ್ಲ.

ಮೇಸ್ತ್ರಿ ತುರುವೇಕೆರೆ ಕಡೆಯವರು. ಅರವತ್ತರ ಹತ್ತಿರ ವಯಸ್ಸು, ಮೊಣಕೈವರೆಗೆ ಮಡಿಚಿದ ಖಾಕಿ ಅಂಗಿ. ಬಾನೆಟ್ ತೆಗೆಯಲಿಲ್ಲ, ಜಾಕಿ ತರಿಸಲಿಲ್ಲ. ಟೀ ಲೋಟ ಕೆಳಗಿಟ್ಟು ಒಂದು ಪ್ರಶ್ನೆ ಕೇಳಿದರು.

“ಯಾವಾಗ?”

“ಯಾವಾಗ್ಲೂ ಅಣ್ಣ.”

“ಯಾವಾಗ್ಲೂ ಅಂದ್ರೆ ಹೆಂಗಪ್ಪ? ಈಗ ನಿಂತೈತೆ, ನಡುಗ್ತಿಲ್ಲ. ಎಷ್ಟು ಸ್ಪೀಡಿಗೆ ಬತ್ತದೆ? ಆಕ್ಸಿಲೇಟರ್ ಕೊಟ್ಟಾಗ್ಲೋ, ಬಿಟ್ಟಾಗ್ಲೋ? ಬ್ರೇಕ್ ಹಿಡ್ದಾಗ್ಲೋ? ಸ್ಟೇರಿಂಗಲ್ಲಿ ಕೈಗೆ ಗೊತ್ತಾಯ್ತದೋ, ಸೀಟಲ್ಲಿ ಸೊಂಟಕ್ಕೆ ಗೊತ್ತಾಯ್ತದೋ?”

ಹುಡುಗನ ಬಳಿ ಉತ್ತರ ಇರಲಿಲ್ಲ. ಇಷ್ಟು ದುಡ್ಡು ಖರ್ಚಾಗುವವರೆಗೂ ಈ ಪ್ರಶ್ನೆಗಳನ್ನು ಅವನಿಗೆ ಯಾರೂ ಕೇಳಿರಲಿಲ್ಲ. “ಟ್ರಯಲ್ ನೋಡನ ನಡಿ” ಎಂದು ಮೇಸ್ತ್ರಿ ಎದ್ದರು. ಹುಡುಗ ಪಕ್ಕದ ಸೀಟಿಗೆ ಸರಿದ. ನಾನು ಹಿಂದೆ ಕೂತೆ.

ತುಮಕೂರು ರಸ್ತೆಗೆ ಏರಿ ನಾಗಸಂದ್ರ ಕಳೆಯುವವರೆಗೆ ಟ್ರಾಫಿಕ್ಕಿನಲ್ಲೇ ತೆವಳಿದ್ದಾಯಿತು. ಮಾದಾವರದ ಮೆಟ್ರೊ ನಿಲ್ದಾಣ ದಾಟಿದ ಮೇಲೆ ರಸ್ತೆ ತೆರೆದುಕೊಂಡಿತು. ಮೇಸ್ತ್ರಿ ಎಸಿ ನಿಲ್ಲಿಸಿ, ಹಾಡು ನಿಲ್ಲಿಸಿ, ಕಿಟಕಿ ಏರಿಸಿದರು. ಎರಡೂ ಕೈ ಸ್ಟೇರಿಂಗಿನ ಮೇಲೆ, ಆದರೆ ಬೆರಳು ಬಿಗಿಯಿಲ್ಲ. ಮೂರನೇ ಗೇರಿನಲ್ಲಿ 50ರಿಂದ ಆಕ್ಸಿಲೇಟರ್ ಒತ್ತಿದರು. 60 ದಾಟುತ್ತಿದ್ದಂತೆ ಗಾಡಿಯ ಮುಂಭಾಗ ಎಡಕ್ಕೂ ಬಲಕ್ಕೂ ಅದುರತೊಡಗಿತು. ಮೇಲೆ ಕೆಳಗೆ ಕುಣಿಯುವ ನಡುಕವಲ್ಲ ಅದು, ಅಡ್ಡಡ್ಡ ನಡುಕ. ಡ್ಯಾಶ್‌ಬೋರ್ಡಿನ ಮೇಲಿದ್ದ ಪುಟ್ಟ ಗಣಪತಿ ಕೂಡ ಪಕ್ಕಕ್ಕೆ ಸರಿಯುತ್ತ ಹೋದ. 70ರಲ್ಲಿ ಅದು ಜೋರಾಯಿತು. ಅಲ್ಲಿಯೇ ಮೇಸ್ತ್ರಿ ಕಾಲು ತೆಗೆದರು. ಗಾಡಿಯ ವೇಗ ಇನ್ನೂ 70ರಲ್ಲೇ ಇತ್ತು, ನಡುಕ ಆ ಕ್ಷಣಕ್ಕೇ ನಿಂತುಹೋಯಿತು. ಮತ್ತೆ ಒತ್ತಿದರು, ಬಂತು. ಬಿಟ್ಟರು, ಹೋಯಿತು. ನಾಲ್ಕನೇ ಗೇರಿಗೆ ಹಾಕಿ ಅದೇ 70ರಲ್ಲಿ ಒತ್ತಿದರು. ಇಂಜಿನ್ ಈಗ ಮೊದಲಿಗಿಂತ ನಿಧಾನವಾಗಿ ತಿರುಗುತ್ತಿತ್ತು, ನಡುಕ ಮಾತ್ರ ಅದೇ ವೇಗಕ್ಕೆ ಅದೇ ಲಯದಲ್ಲಿ ಬಂತು. ಇಂಜಿನ್ ಎಷ್ಟು ಸುತ್ತುತ್ತದೆ ಎಂಬುದಕ್ಕೂ ನಡುಕಕ್ಕೂ ಸಂಬಂಧವಿಲ್ಲ ಎಂದು ಅಲ್ಲಿಗೇ ಗೊತ್ತಾಯಿತು. ಇಂಜಿನ್ ಮೌಂಟಿಂಗ್ ಬದಲಿಸಿದ ದುಡ್ಡು ವ್ಯರ್ಥವಾಗಿತ್ತು.

ಮುಂದೆ 95ಕ್ಕೆ ಒಯ್ದರು. ಈ ಬಾರಿ ನಡುಕ ಬಂದದ್ದು ಕೈಗೆ. ಸ್ಟೇರಿಂಗ್ ಚಕ್ರದ ಅಂಚು ಸಣ್ಣಗೆ, ಬೇಗ ಬೇಗ ಆಡುತ್ತಿತ್ತು. ಕಾಲು ತೆಗೆದರೂ ನಿಲ್ಲಲಿಲ್ಲ. ನ್ಯೂಟ್ರಲ್‌ಗೆ ಹಾಕಿ ಗಾಡಿಯನ್ನು ತಾನೇ ಉರುಳಲು ಬಿಟ್ಟರೂ ನಿಲ್ಲಲಿಲ್ಲ. 85ಕ್ಕೆ ಇಳಿದ ಮೇಲೆ ತಾನಾಗಿ ಅಡಗಿತು. ಹಿಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡು ಎರಡು ಸಲ ಬ್ರೇಕ್ ಹಿಡಿದರು. ಪೆಡಲ್ ಕಾಲಿಗೆ ನುಣ್ಣಗಿತ್ತು, ಹಾಗಾಗಿ ಡಿಸ್ಕಿನ ಮೇಲೆ ಅನುಮಾನವಿಲ್ಲ.

“ಒಂದಲ್ಲಪ್ಪ, ಎರಡು ಕಾಯಿಲೆ ಐತೆ ನಿನ್ ಗಾಡಿಗೆ” ಎಂದರು ಮೇಸ್ತ್ರಿ, ಯೂಟರ್ನ್ ತೆಗೆದುಕೊಳ್ಳುತ್ತ.

ಈ ಒಂದು ಮಾತಿನಲ್ಲಿ ಇಡೀ ಪತ್ತೆದಾರಿಕೆ ಅಡಗಿತ್ತು. ಎರಡು ನಡುಕಗಳು ಒಂದರ ಮೇಲೊಂದು ಕೂತಿದ್ದರಿಂದಲೇ ಹುಡುಗನಿಗೆ ಅದು ‘ಯಾವಾಗಲೂ’ ಎನಿಸಿತ್ತು. ಒಬ್ಬೊಬ್ಬ ಮೆಕ್ಯಾನಿಕ್ಕಿಗೆ ಒಂದೊಂದು ಕಾರಣ ಕಂಡಿತ್ತು. ವೇಗಕ್ಕೆ ಮಾತ್ರ ಬಗ್ಗುವ ನಡುಕ ಚಕ್ರದ್ದು, ಟೈರಿನದು. ಆಕ್ಸಿಲೇಟರಿಗೆ ಬಗ್ಗುವ ನಡುಕ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬಲ ಸಾಗಿಸುವ ಶಾಫ್ಟಿನದು. ಬ್ರೇಕಿಗೆ ಬಗ್ಗುವುದು ಡಿಸ್ಕಿನದು. ಗೇರ್ ಬದಲಿಸಿದರೆ ಬದಲಾಗುವುದು ಇಂಜಿನ್ನಿನದು. ರಸ್ತೆಯ ಉಬ್ಬುತಗ್ಗಿಗೆ ಮಾತ್ರ ಗುದ್ದುವುದು ಶಾಕ್ ಅಬ್ಸಾರ್ಬರ್, ಬುಶ್, ಬಂಪ್ ಸ್ಟಾಪುಗಳದು. ಇವನ್ನು ಬಿಡಿಸಿ ನೋಡಲು ಬೇಕಾದದ್ದು ಖಾಲಿ ರಸ್ತೆಯ ಒಂದಿಷ್ಟು ದೂರ ಮತ್ತು ಅವಸರವಿಲ್ಲದ ಮನಸ್ಸು.

ಹುಡುಗ ಅಳತೆಯ ಕೆಲಸದವನು. ಕೇಳಿದ್ದನ್ನು ಹಾಗೆಯೇ ಒಪ್ಪುವ ಸ್ವಭಾವ ಅವನದಲ್ಲ. ವಾಪಸ್ ಬರುವಾಗ ಮೊಬೈಲನ್ನು ಗೇರ್ ಲಿವರಿನ ಮುಂದಿನ ತಟ್ಟೆಯಲ್ಲಿ ಡಬಲ್ ಟೇಪ್ ಹಾಕಿ ಅಂಟಿಸಿದ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಫೈಫಾಕ್ಸ್ ಎಂಬ ಉಚಿತ ಆಪ್ ಅವನ ಮೊಬೈಲಿನಲ್ಲಿತ್ತು. ಮೊಬೈಲಿನೊಳಗಿನ ಸಂವೇದಕ ಎಷ್ಟು ಅದುರಿತು, ಸೆಕೆಂಡಿಗೆ ಎಷ್ಟು ಸಲ ಅದುರಿತು ಎಂಬುದನ್ನು ಅದು ಗೆರೆ ಎಳೆದು ತೋರಿಸುತ್ತದೆ. 70ರಲ್ಲಿ ಮೇಸ್ತ್ರಿ ಆಕ್ಸಿಲೇಟರ್ ಒತ್ತಿದಾಗ ಗೆರೆ 30ರ ಹತ್ತಿರ ಮೇಲೆದ್ದಿತು.

ಅವನು ಟೈರಿನ ಪಕ್ಕದಲ್ಲಿ ಕೂತು ಲೆಕ್ಕ ಹಾಕಿದ. 185/65 ಆರ್15 ಟೈರು. ಸುತ್ತಳತೆ ಸುಮಾರು 1.95 ಮೀಟರ್. ಗಂಟೆಗೆ 70 ಕಿ.ಮೀ. ಎಂದರೆ ಸೆಕೆಂಡಿಗೆ 19.4 ಮೀಟರ್. ಅಲ್ಲಿಗೆ ಚಕ್ರ ಸೆಕೆಂಡಿಗೆ ಹತ್ತು ಸುತ್ತು ಸುತ್ತುತ್ತದೆ. ಚಕ್ರ ಹತ್ತು ಸುತ್ತಿದರೆ ನಡುಕ ಮೂವತ್ತು, ಸುತ್ತಿಗೆ ಮೂರು. ಸ್ಟೇರಿಂಗಿನ ನಡುಕ 95ರಲ್ಲಿ ಸೆಕೆಂಡಿಗೆ ಹದಿಮೂರು ಹದಿನಾಲ್ಕು, ಅಂದರೆ ಸುತ್ತಿಗೆ ಒಂದೇ. ತಲೆಯೆತ್ತಿ ಮೇಸ್ತ್ರಿಯನ್ನು ನೋಡಿದ. “ಮೂರು ಅಂದ್ರೆ ಒಳಗಿನ ಜಾಯಿಂಟು. ಅದಕ್ಕೆ ಮೂರು ರೋಲರ್ ಇರ್ತವೆ” ಎಂದರು ಅವರು. ಲೆಕ್ಕ ಮತ್ತು ಅನುಭವ ಒಂದೇ ಕಡೆ ಬಂದು ನಿಂತದ್ದನ್ನು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು.

ಸುಲಭದ ಕಾಯಿಲೆಯನ್ನು ಮೊದಲು ಹಿಡಿದರು. ಚಕ್ರ ಬಿಚ್ಚಿ ಅಲಾಯ್‌ನ ನಡುವಿನ ತೂತಿಗೆ ವರ್ನಿಯರ್ ಇಟ್ಟರೆ 73.1 ಮಿ.ಮೀ. ಅದು ಕೂರಬೇಕಾದ ಹಬ್ಬಿನ ಮೂತಿ 54.1. ಅಂಗಡಿಯಲ್ಲಿ ಮಾರುವ ಅಲಾಯ್‌ಗಳಲ್ಲಿ ಹಲವು ಕಂಪನಿಗಳ ಗಾಡಿಗೆ ಹೊಂದಲಿ ಎಂದು ನಡುವಿನ ತೂತನ್ನು ದೊಡ್ಡದಾಗಿಯೇ ಬಿಟ್ಟಿರುತ್ತಾರೆ. ನಡುವೆ ಒಂದು ಉಂಗುರ ಕೂರಿಸಿ ಸಂದು ತುಂಬಬೇಕು. ಈ ಗಾಡಿಯಲ್ಲಿ ಉಂಗುರವೇ ಇರಲಿಲ್ಲ. ನಾಲ್ಕು ನಟ್ಟುಗಳ ಮೇಲೆಯೇ ಇಡೀ ಚಕ್ರ ನಿಂತಿತ್ತು, ಗೂಟ ಸಡಿಲವಾದ ಬೀಸುಕಲ್ಲಿನ ಹಾಗೆ ನಡು ತಪ್ಪಿ ಸುತ್ತುತ್ತಿತ್ತು. ಹದಿನೈದು ಕೆ.ಜಿ.ಯ ಚಕ್ರ ನಡುವಿನಿಂದ 0.3 ಮಿ.ಮೀ. ಮಾತ್ರ ಪಕ್ಕಕ್ಕೆ ಕೂತರೂ ರಿಮ್ಮಿನ ಅಂಚಿಗೆ 24 ಗ್ರಾಂ ಸೀಸ ಅಂಟಿಸಿದಷ್ಟು ಅಸಮತೋಲವಾಗುತ್ತದೆ. 95ರ ವೇಗದಲ್ಲಿ ಅದು ಮೂರು ಕೆ.ಜಿ.ಗೂ ಮಿಕ್ಕ ಬಲವಾಗಿ ಪ್ರತಿ ಸುತ್ತಿಗೂ ಸ್ಟೇರಿಂಗನ್ನು ಜಗ್ಗುತ್ತದೆ.

ಹಾಗಾದರೆ ಬ್ಯಾಲೆನ್ಸಿಂಗ್ ಯಂತ್ರ ಅದನ್ನು ಏಕೆ ಹಿಡಿಯಲಿಲ್ಲ? ಯಂತ್ರದಲ್ಲಿ ಚಕ್ರವನ್ನು ಶಂಕುವಿನಿಂದ ನಡುವಿಗೆ ಕೂರಿಸುತ್ತಾರೆ. ಅಲ್ಲಿ ಚಕ್ರ ಸರಿಯಾದ ನಡುವಿನಲ್ಲೇ ಸುತ್ತುತ್ತದೆ, ಪರದೆಯ ಮೇಲೆ ಸೊನ್ನೆ ಬರುತ್ತದೆ. ಅದೇ ಚಕ್ರವನ್ನು ಗಾಡಿಗೆ ತಂದು ಸಿಕ್ಕಿಸಿದಾಗ ನಡು ತಪ್ಪುತ್ತದೆ. ಯಂತ್ರ ಸುಳ್ಳು ಹೇಳಲಿಲ್ಲ, ಅದನ್ನು ಕೇಳಿದ ಪ್ರಶ್ನೆ ಬೇರೆಯಾಗಿತ್ತು.

ಉಂಗುರಕ್ಕಾಗಿ ಅಂಗಡಿಗೆ ಅಲೆಯಬೇಕಾಗಲಿಲ್ಲ. ಪೀಣ್ಯದಲ್ಲಿ ಲೇತ್‌ಗೆ ಬರವೇ? ಎರಡು ಶೆಡ್ಡು ಆಚೆ, ತುಂಡು ಅಲ್ಯುಮಿನಿಯಂ ದಿಂಡನ್ನು ಚಕ್ಕಿಗೆ ಕಚ್ಚಿಸಿ ಹಿರಿಯ ಟರ್ನರ್ ಒಬ್ಬರು ಉಂಗುರ ತೆಗೆಯತೊಡಗಿದರು. ಬೆಳ್ಳಿ ಬಣ್ಣದ ಸಿಬಿರು ಸುರುಳಿ ಸುರುಳಿಯಾಗಿ ಟ್ರೇಗೆ ಬಿತ್ತು. ಹೊರ ಅಳತೆ 73.1ರ ಹತ್ತಿರ ಬಂದ ಮೇಲೆ ಅವರು ಚಕ್ರವನ್ನೇ ತರಿಸಿ, ಉಂಗುರ ಕೂರಿಸಿ ನೋಡಿ, ಮತ್ತೆ ಕೂದಲೆಳೆಯಷ್ಟು ತೆಗೆದು, ಹೆಬ್ಬೆರಳಿನಲ್ಲಿ ಒತ್ತಿದಾಗ ಮಾತ್ರ ಒಳಹೋಗುವಂತೆ ಮಾಡಿದರು. ನಾಲ್ಕು ಉಂಗುರಕ್ಕೆ ಅವರು ಕೇಳಿದ ಹಣ ಹುಡುಗ ಆ ಟೈರುಗಳಿಗೆ ಸುರಿದ ದುಡ್ಡಿನ ಮುಂದೆ ಏನೂ ಅಲ್ಲ.

ಇನ್ನು ದೊಡ್ಡ ಕಾಯಿಲೆ. ಮೇಸ್ತ್ರಿ ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿಳಿದರು. ಈಗಿನ ಗ್ಯಾರೇಜುಗಳಲ್ಲಿ ಎರಡು ಕಂಬದ ಲಿಫ್ಟ್ ಇರುತ್ತದೆ. ಗಾಡಿಯನ್ನು ಎತ್ತಿದಾಗ ಚಕ್ರಗಳು ಜೋತುಬೀಳುತ್ತವೆ. ಜೋತುಬಿದ್ದ ಗಾಡಿಯಲ್ಲಿ ಶಾಫ್ಟಿನ ಕೋನ ನೋಡಿದರೆ ಅದು ರಸ್ತೆಯ ಮೇಲಿನ ಕೋನವಾಗಿರುವುದಿಲ್ಲ. ಗುಂಡಿಯ ಮೇಲೆ ಗಾಡಿ ತನ್ನ ಕಾಲ ಮೇಲೆ ತಾನು ನಿಂತಿರುತ್ತದೆ. ಓಡುವಾಗ ಹೇಗಿರುತ್ತದೋ ಹಾಗೆಯೇ ಎಲ್ಲವೂ ಕಣ್ಣಿಗೆ ಕಾಣುತ್ತದೆ. ತಗ್ಗಿಸಿದ ಗಾಡಿಯನ್ನು ನೋಡಲು ಈ ಹಳೆಯ ಗುಂಡಿಗಿಂತ ಒಳ್ಳೆಯ ಜಾಗವಿಲ್ಲ ಎಂಬುದು ನನ್ನ ಅಭಿಪ್ರಾಯ.

ನಾನೂ ಇಳಿದೆ. ತಣ್ಣನೆಯ ಸಿಮೆಂಟು ಗೋಡೆ, ತಲೆಯ ಮೇಲೆ ಇನ್ನೂ ಬಿಸಿಯಾರದ ಸೈಲೆನ್ಸರ್ ಪೈಪು. ಮೇಸ್ತ್ರಿ ಹ್ಯಾಂಡ್‌ಲ್ಯಾಂಪ್ ಹಿಡಿದು ಒಂದೊಂದನ್ನೇ ತೋರಿಸಿದರು. ಮುಂದಿನ ಬಂಪ್ ಸ್ಟಾಪುಗಳ ತುದಿ ಜಜ್ಜಿಹೋಗಿದೆ; ಸ್ಪ್ರಿಂಗ್ ಗಿಡ್ಡ, ಶಾಕ್ ಅಬ್ಸಾರ್ಬರ್ ಹಳೆಯ ಉದ್ದದ್ದೇ, ಹೀಗಾಗಿ ಸಣ್ಣ ಹಳ್ಳಕ್ಕೂ ಅದು ತಳ ಮುಟ್ಟುತ್ತಿದೆ. ಲೋವರ್ ಆರ್ಮಿನ ರಬ್ಬರ್ ಬುಶ್ಶಿನಲ್ಲಿ ತಿರುಚಿದ ಗೆರೆಗಳು. ಸ್ಪ್ರಿಂಗ್ ಬದಲಿಸಿದವರು ಗಾಡಿ ಲಿಫ್ಟಿನಲ್ಲಿ ಜೋತಾಡುತ್ತಿದ್ದಾಗಲೇ ಬೋಲ್ಟು ಬಿಗಿದಿದ್ದರು. ಆ ಬುಶ್ಶಿನ ಒಳಕೊಳವೆ ಬೋಲ್ಟಿನೊಡನೆ ಕಚ್ಚಿಕೊಳ್ಳುತ್ತದೆ, ಹೊರಕೊಳವೆ ಆರ್ಮಿನೊಡನೆ. ನಡುವಿನ ರಬ್ಬರು ತಿರುಚುವುದರಿಂದಲೇ ಆರ್ಮ್ ಆಡುತ್ತದೆ. ಜೋತಾಡುವಾಗ ಬಿಗಿದರೆ ಗಾಡಿ ನೆಲಕ್ಕಿಳಿದ ಕೂಡಲೇ ರಬ್ಬರು ತಿರುಚಿಕೊಂಡು ಹಾಗೇ ಉಳಿಯುತ್ತದೆ, ಅದುರನ್ನು ನುಂಗುವ ಬದಲು ಮೈಗೆ ದಾಟಿಸುತ್ತದೆ. ಮೇಸ್ತ್ರಿ ಅಲ್ಲಿಯೇ ಬೋಲ್ಟು ಸಡಿಲಿಸಿ, ಗಾಡಿಯನ್ನು ಎರಡು ಸಲ ಮೇಲಿನಿಂದ ಒತ್ತಿಸಿ, ಮತ್ತೆ ಬಿಗಿದರು. ಇದಕ್ಕೆ ಯಾವ ಪಾರ್ಟೂ ಬೇಕಾಗಲಿಲ್ಲ.

ಆಮೇಲೆ ಬೆಳಕು ಶಾಫ್ಟಿನ ಮೇಲೆ ಬಿತ್ತು. ಗೇರ್‌ಬಾಕ್ಸು ಇಂಜಿನ್ನಿನ ಒಂದು ಪಕ್ಕಕ್ಕಿರುವುದರಿಂದ ಎಡದ ಶಾಫ್ಟು ಗಿಡ್ಡ, ಬಲದ್ದು ಉದ್ದ. ಗಾಡಿ ತಗ್ಗಿದಾಗ ಗೇರ್‌ಬಾಕ್ಸು ಕೆಳಗಿಳಿಯಿತು, ಚಕ್ರ ಇದ್ದಲ್ಲೇ ಇತ್ತು. ಎರಡರ ನಡುವಿನ ಶಾಫ್ಟು ಈಗ ಚಕ್ರದ ಕಡೆಗೆ ಏರುತ್ತ ಹೋಗಿತ್ತು. ಎರಡೂ ಕಡೆ ಇಳಿದದ್ದು ಅದೇ 40 ಮಿ.ಮೀ. ಆದರೂ 38 ಸೆಂ.ಮೀ. ಉದ್ದದ ಗಿಡ್ಡ ಶಾಫ್ಟಿಗೆ ಅದು ಆರು ಡಿಗ್ರಿಯ ಬದಲಾವಣೆ, 68 ಸೆಂ.ಮೀ.ಯದಕ್ಕೆ ಮೂರೂವರೆ. ಎಲ್ಲ ಗಾಡಿಗಳಲ್ಲೂ ತಗ್ಗಿಸಿದರೆ ಕೋನ ಹೆಚ್ಚುತ್ತದೆ ಎಂದೇನಿಲ್ಲ. ಶಾಫ್ಟು ಮೊದಲೇ ಚಕ್ರದ ಕಡೆಗೆ ಇಳಿಜಾರಾಗಿದ್ದರೆ ಸ್ವಲ್ಪ ತಗ್ಗಿಸಿದಾಗ ಅದು ಮಟ್ಟವಾಗುತ್ತದೆ, ಇನ್ನೂ ಒಳ್ಳೆಯದೇ ಆಗುತ್ತದೆ. ಮಟ್ಟ ದಾಟಿ ಆಚೆ ಹೋದಾಗಲೇ ತೊಂದರೆ. ಅದಕ್ಕೇ ಒಬ್ಬರ ಗಾಡಿಗೆ ಏನೂ ಆಗಲಿಲ್ಲ ಎಂದು ಇನ್ನೊಬ್ಬರು ಧೈರ್ಯ ತಂದುಕೊಳ್ಳುವಂತಿಲ್ಲ.

ಗೇರ್ ಆಯಿಲ್ ಇಳಿಸಿ, ಹಬ್ಬಿನ ನಟ್ಟು ತೆಗೆದು, ಎಡದ ಶಾಫ್ಟನ್ನು ಹೊರಗೆಳೆದು ಬೆಂಚಿನ ಮೇಲಿಟ್ಟರು. ರಬ್ಬರ್ ಬೂಟಿನ ಕ್ಲಿಪ್ಪು ಬಿಚ್ಚಿದಾಗ ಕಪ್ಪಾದ ಗ್ರೀಸು ಜಾರಿತು. ಒಳಗೆ ಮೂರು ತೋಳಿನ ಒಂದು ಉಕ್ಕಿನ ತುಂಡು, ಪ್ರತಿ ತೋಳಿನ ತುದಿಗೂ ಸೂಜಿ ಬೇರಿಂಗಿನ ಮೇಲೆ ಸುತ್ತುವ ದುಂಡು ರೋಲರ್. ಹೊರಗಿನ ಬಟ್ಟಲಿನಲ್ಲಿ ಆ ರೋಲರುಗಳು ಓಡಾಡಲು ಮೂರು ಉದ್ದನೆಯ ಜಾಡುಗಳು. ಗಾಡಿ ಏರಿಳಿಯುವಾಗ ಶಾಫ್ಟು ಉದ್ದವಾಗಬೇಕು, ಗಿಡ್ಡವಾಗಬೇಕು. ರೋಲರುಗಳು ಈ ಜಾಡಿನಲ್ಲಿ ಹಿಂದೆ ಮುಂದೆ ಸರಿದು ಅದಕ್ಕೆ ದಾರಿ ಮಾಡಿಕೊಡುತ್ತವೆ. ಫ್ರಾನ್ಸಿನ ಗ್ಲೆಂಜರ್ ಸ್ಪೈಸರ್ ಕಂಪನಿಯ ಮಿಶೆಲ್ ಒರೇನ್ ರೂಪಿಸಿದ ಜಾಯಿಂಟು ಇದು. ಶಾಫ್ಟಿನ ಹೊರತುದಿಯಲ್ಲಿ, ಚಕ್ರದ ಪಕ್ಕದಲ್ಲಿ, ಗುಂಡುಗಳಿರುವ ಇನ್ನೊಂದು ಜಾಯಿಂಟು ಇರುತ್ತದೆ; ಅದು ಫೋರ್ಡ್ ಕಂಪನಿಯ ಇಂಜಿನಿಯರ್ ಆಲ್ಫ್ರೆಡ್ ರೆಜೆಪಾ 1920ರ ದಶಕದಲ್ಲಿ ಕಂಡುಹಿಡಿದದ್ದು. ಹೊರಗಿನದು ಕೆಟ್ಟರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಎನ್ನುತ್ತದೆ. ಒಳಗಿನದು ಕೆಟ್ಟರೆ ಸದ್ದಿಲ್ಲ, ಬಲ ಹಾಕಿದಾಗ ನಡುಕ.

ಮೇಸ್ತ್ರಿ ವೇಸ್ಟ್ ಬಟ್ಟೆಯಲ್ಲಿ ಬಟ್ಟಲನ್ನು ಒರೆಸಿ, ಸೀಮೆಎಣ್ಣೆಯಲ್ಲಿ ತೊಳೆದು, ಬೆಳಕಿಗೆ ಹಿಡಿದರು. ಜಾಡಿನ ಒಂದು ಮೈ ಮೇಲೆ ಹೊಳೆಯುವ ಪಟ್ಟೆ, ಬೆರಳಿನ ಉಗುರಿನಷ್ಟು ಉದ್ದ. “ಉಗುರು ಹಾಕಿ ನೋಡಿ ಸಾರ್” ಎಂದು ನನ್ನ ಕೈಗಿತ್ತರು. ಉಗುರನ್ನು ಜಾಡಿನಲ್ಲಿ ಮೆಲ್ಲಗೆ ಎಳೆದೆ. ನುಣುಪಾದ ಉಕ್ಕಿನ ಮೇಲೆ ಜಾರುತ್ತ ಹೋದ ಉಗುರು ಪಟ್ಟೆಯ ಅಂಚಿಗೆ ಬಂದು ತಡೆಯಿತು. ಕಣ್ಣಿಗೆ ಕಾಣದ ಅಂಚು, ಉಗುರಿಗೆ ಸ್ಪಷ್ಟ. ಎಪ್ಪತ್ತು ಸಾವಿರ ಕಿ.ಮೀ. ಒಂದೇ ಜಾಗದಲ್ಲಿ ಓಡಾಡಿ ರೋಲರು ತನ್ನ ಮನೆಯನ್ನು ಅಲ್ಲಿ ಸವೆಸಿಕೊಂಡಿತ್ತು. ಗಾಡಿ ಕಂಪನಿಯ ಎತ್ತರದಲ್ಲೇ ಇದ್ದಿದ್ದರೆ ಆ ಸವೆತ ಇನ್ನೂ ಎಷ್ಟೋ ಕಾಲ ಯಾರಿಗೂ ತಿಳಿಯುತ್ತಿರಲಿಲ್ಲ. ತಗ್ಗಿಸಿದಾಗ ರೋಲರಿನ ಜಾಗ ಕೆಲವು ಮಿಲಿಮೀಟರ್ ಸರಿಯಿತು. ಕೋನ ಹೆಚ್ಚಿದ್ದರಿಂದ ಪ್ರತಿ ಸುತ್ತಿಗೂ ಅದು ಜಾಡಿನಲ್ಲಿ ಆಚೀಚೆ ಎರಡೂವರೆ ಮಿ.ಮೀ.ವರೆಗೆ ಓಡಬೇಕಾಯಿತು. ಓಡುವಾಗಲೆಲ್ಲ ಹಳೆಯ ಸವೆತದ ಅಂಚನ್ನು ಹತ್ತಿಳಿಯುತ್ತದೆ. ಮೂರು ರೋಲರು, ಸುತ್ತಿಗೆ ಮೂರು ಸಲ. ಆಕ್ಸಿಲೇಟರ್ ಒತ್ತಿದಾಗ ರೋಲರು ಜಾಡಿನ ಗೋಡೆಗೆ ಬಲವಾಗಿ ಒತ್ತಿಕೊಳ್ಳುತ್ತದೆ, ಹತ್ತಿಳಿಯುವ ಪೆಟ್ಟು ಶಾಫ್ಟಿನುದ್ದಕ್ಕೂ ಸಾಗಿ ಗಾಡಿಯನ್ನು ಅಡ್ಡಕ್ಕೆ ತಳ್ಳುತ್ತದೆ. ಕಾಲು ತೆಗೆದರೆ ಒತ್ತಡವಿಲ್ಲ, ಪೆಟ್ಟೂ ಇಲ್ಲ. ತುಮಕೂರು ರಸ್ತೆಯಲ್ಲಿ ಮೇಸ್ತ್ರಿಯ ಕಾಲು ಹೇಳಿದ್ದೂ, ಮೊಬೈಲಿನ ಗೆರೆ ಹೇಳಿದ್ದೂ ಈ ಅಂಚನ್ನೇ.

ಹಿಂದಿನ ಚಕ್ರ ಎಳೆಯುವ ಗಾಡಿಗಳ ಕಥೆ ಸ್ವಲ್ಪ ಬೇರೆ. ಜೀಪು, ಬೊಲೆರೊ, ಹಳೆಯ ಓಮ್ನಿಗಳಲ್ಲಿ ಹೊಟ್ಟೆಯಡಿ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿರುತ್ತದೆ, ಅದರ ತುದಿಗಳಲ್ಲಿ ಹದಿನೇಳನೇ ಶತಮಾನದ ರಾಬರ್ಟ್ ಹುಕ್‌ನ ಹೆಸರಿನಿಂದ ಕರೆಯುವ ಕ್ರಾಸ್ ಜಾಯಿಂಟು. ಕೋನದಲ್ಲಿ ಸುತ್ತುವಾಗ ಅದು ಪ್ರತಿ ಸುತ್ತಿಗೆ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ತಗ್ಗಿಸುತ್ತದೆ. ಎರಡೂ ತುದಿಯ ಕೋನ ಸಮವಾಗಿದ್ದರೆ ಒಂದರ ಏರುಪೇರನ್ನು ಇನ್ನೊಂದು ನುಂಗಿಹಾಕುತ್ತದೆ. ಗಾಡಿಯನ್ನು ತಗ್ಗಿಸಿದರೂ ಎತ್ತರಿಸಿದರೂ ಈ ಸಮ ತಪ್ಪುತ್ತದೆ. ನಮ್ಮಲ್ಲಿ ಜೀಪಿನವರು ಎತ್ತರಿಸುವುದೇ ಹೆಚ್ಚು. ಲೀಫ್ ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಓರೆಯಾಗಿ ಕೆತ್ತಿದ ಬೆಣೆ ಕೊಟ್ಟು ಕೋನ ಸರಿ ಮಾಡುವುದು ಅಲ್ಲಿನ ದಾರಿ. ಕೋನ ಅಳೆಯದೆ ಕ್ರಾಸ್ ಬದಲಿಸುತ್ತ ಹೋದರೆ ಹೊಸ ಕ್ರಾಸೂ ಸವೆಯುತ್ತದೆ.

ಸ್ಪ್ರಿಂಗನ್ನು ಕಟರಿನಲ್ಲಿ ಕತ್ತರಿಸಿ ತಗ್ಗಿಸುವವರೂ ಇದ್ದಾರೆ. ಅದನ್ನು ಯಾರೂ ಮಾಡಬಾರದು. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ಹೋದರೆ ಅದರ ಬಿಗಿ ನೂರಕ್ಕೆ ಇಪ್ಪತ್ತು ಏರುತ್ತದೆ, ಕತ್ತರಿಸಿದ ತುದಿ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ, ದೊಡ್ಡ ಹಳ್ಳದಲ್ಲಿ ಚಕ್ರ ಜೋತಾಗ ಸ್ಪ್ರಿಂಗು ಜಾಗ ಬಿಟ್ಟು ಹೊರಳಬಹುದು. ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು.

ಮಧ್ಯಾಹ್ನ ಹೊಸ ಜಾಯಿಂಟು ಬಂತು. ಬಿಳಿ ಕಾಗದ ಸುತ್ತಿದ ಬಟ್ಟಲು, ಒಳಗೆ ಕೈಮುಟ್ಟದ ಜಾಡುಗಳು. ಗ್ರೀಸು ತುಂಬಿ, ಬೂಟು ಕೂರಿಸಿ, ಕ್ಲಿಪ್ಪು ಕಚ್ಚಿಸಿ ಶಾಫ್ಟನ್ನು ಸ್ವಸ್ಥಾನಕ್ಕೆ ತಳ್ಳಿದರು. ಚಕ್ರಗಳಿಗೆ ಉಂಗುರ ಕೂತವು, ಅಲೈನ್‌ಮೆಂಟ್ ಮತ್ತೊಮ್ಮೆ ಆಯಿತು. ಸಂಜೆಯ ಟ್ರಯಲ್‌ನಲ್ಲಿ 60, 70, 80ರಲ್ಲಿ ಮೇಸ್ತ್ರಿ ಆಕ್ಸಿಲೇಟರ್ ಒತ್ತಿ ಹಿಡಿದರು. ಗಣಪತಿ ಕೂತಲ್ಲಿಂದ ಕದಲಲಿಲ್ಲ. 95ರಲ್ಲಿ ಸ್ಟೇರಿಂಗಿನಿಂದ ಕೈ ಸ್ವಲ್ಪ ಮೇಲೆತ್ತಿದರು, ಚಕ್ರ ಅಲುಗಲಿಲ್ಲ. ಹುಡುಗ ಮೊಬೈಲಿನ ಗೆರೆ ನೋಡಿ ಉಸಿರು ಬಿಟ್ಟ. ಮೇಸ್ತ್ರಿ ಮುಚ್ಚುಮರೆಯಿಲ್ಲದೆ ಹೇಳಿದರು: “ಜಾಯಿಂಟು ಹೊಸದು, ಅದಕ್ಕೆ ಸುಮ್ಕೈತೆ. ಕೋನ ಹಂಗೇ ಐತೆ. ಈ ಎತ್ತರದಲ್ಲೇ ಓಡುಸ್ತೀನಿ ಅಂದ್ರೆ ಇದೂ ಬೇಗ ಸವೀತದೆ. ಹಳೇ ಸ್ಪ್ರಿಂಗ್ ಮನೇಲಿ ಇದ್ರೆ ತಗೊಂಬಾ.” ಮುಂದಿನ ಭಾನುವಾರ ಹಳೆಯ ಸ್ಪ್ರಿಂಗ್ ಹಾಕಿಸುವುದಾಗಿ ಹುಡುಗ ಒಪ್ಪಿಕೊಂಡ.

ಬಿಲ್ಲು ಬರೆಯುವಾಗ ಜಾಯಿಂಟು, ಗ್ರೀಸು, ಗೇರ್ ಆಯಿಲ್, ಉಂಗುರ, ಬಿಚ್ಚಿ ಕೂರಿಸಿದ ಕೂಲಿ, ಎಲ್ಲವೂ ಕಾಗದಕ್ಕೆ ಬಂದವು. ಬೆಳಗಿನ ಟ್ರಯಲ್ ಬರಲಿಲ್ಲ. ಅದಕ್ಕೆ ಯಾರೂ ಕೊಡುವುದಿಲ್ಲ ಸಾರ್, ನಾವೂ ಕೇಳುವುದಿಲ್ಲ ಎಂದರು ಮೇಸ್ತ್ರಿ. ಕಾಯಿಲೆ ಪತ್ತೆಯಾದದ್ದು ಆ ಟ್ರಯಲ್‌ನಲ್ಲೇ. ಪಾರ್ಟಿಗೆ ದುಡ್ಡು ಸಿಗುತ್ತದೆ, ಪತ್ತೆಗೆ ಸಿಗುವುದಿಲ್ಲ ಎಂದಾದಾಗ ಪಾರ್ಟು ಬದಲಿಸುವವರೇ ಹೆಚ್ಚುತ್ತಾರೆ. ಈ ಹುಡುಗನ ಗಾಡಿಗೆ ಮೌಂಟಿಂಗೂ ಟೈರುಗಳೂ ಬಂದದ್ದು ಹಾಗೆಯೇ.

ಗಾಡಿ ನಡುಗುತ್ತಿದೆ ಎಂದು ಗ್ಯಾರೇಜಿಗೆ ಹೋಗುವವರು ಎರಡು ಕೆಲಸ ಮಾಡಬೇಕು ಎಂದು ಕೇಳಿಕೊಳ್ಳುತ್ತೇನೆ. ಯಾವ ವೇಗದಲ್ಲಿ, ಆಕ್ಸಿಲೇಟರ್ ಒತ್ತಿದಾಗಲೋ ಬಿಟ್ಟಾಗಲೋ, ಕೈಗೋ ಸೀಟಿಗೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸ್ಪ್ಯಾನರ್ ಮುಟ್ಟುವ ಮೊದಲು ಮೆಕ್ಯಾನಿಕ್ಕನ್ನು ಟ್ರಯಲ್‌ಗೆ ಕರೆದೊಯ್ಯಿರಿ, ಆ ಟ್ರಯಲ್‌ನ ಕೂಲಿಯನ್ನು ಬಿಲ್ಲಿನಲ್ಲಿ ಬರೆಸಿ ಕೊಡಿ.